ಪಾಂಡವರು ಹುಡುಗಿಯರಾಗಿ ಹುಟ್ಟಿ ಬಂದರೆ: ‘ಅರು ಶಾ ಆ್ಯಂಡ್ ದಿ ಎಂಡ್ ಆಫ್ ಟೈಮ್’

ರೋಶನಿ ಚೋಕ್ಸಿ ಅವರ ‘ಅರು ಶಾ ಆ್ಯಂಡ್ ದಿ ಎಂಡ್ ಆಫ್ ಟೈಮ್’ 2018ರಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿ. ಎಂಟರಿಂದ ಹನ್ನೆರಡು ವರ್ಷದ ಓದುಗರಿಗಾಗಿ ಬರೆದದ್ದು. ಗ್ರೀಕ್ ದೇವತೆಗಳನ್ನು ಇಂದಿನ ಅಮೆರಿಕಕ್ಕೆ ಕರೆತಂದು ಹೆಸರಾದ ರಿಕ್ ರಿಯೊರ್ಡನ್, ಬೇರೆ ಬೇರೆ ಸಂಸ್ಕೃತಿಗಳ ಲೇಖಕರು ತಮ್ಮ ತಮ್ಮ ಪುರಾಣಗಳನ್ನು ತಾವೇ ಬರೆಯಲಿ ಎಂದು ಆರಂಭಿಸಿದ ಪುಸ್ತಕಮಾಲೆಯ ಮೊದಲ ಪುಸ್ತಕವೂ ಇದೇ. ನಾನು ಇದನ್ನು ಆರನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳ ಜೊತೆ ಕುಳಿತು, ದಿನಕ್ಕೆ ಒಂದೆರಡು ಅಧ್ಯಾಯದಂತೆ ಗಟ್ಟಿಯಾಗಿ ಓದಿದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಅರ್ಧ ಪಾಲು ಅವಳದು.

ಹನ್ನೆರಡು ವರ್ಷದ ಅರು, ಅಟ್ಲಾಂಟಾ ನಗರದ ಪ್ರಾಚೀನ ಭಾರತೀಯ ಕಲೆಯ ವಸ್ತುಸಂಗ್ರಹಾಲಯದಲ್ಲಿಯೇ ವಾಸಿಸುತ್ತಾಳೆ. ತಾಯಿ ಅಲ್ಲಿನ ವಿದ್ವಾಂಸೆ, ಸದಾ ಪ್ರವಾಸದಲ್ಲಿರುವವರು. ಶ್ರೀಮಂತ ಮಕ್ಕಳ ಶಾಲೆಯಲ್ಲಿ ತಾನೂ ಅವರಂತೆಯೇ ಎಂದು ತೋರಿಸಿಕೊಳ್ಳಲು ಅವಳು ಸುಳ್ಳು ಹೇಳುತ್ತಾಳೆ, ಆ ಸುಳ್ಳನ್ನು ಬಯಲು ಮಾಡಲೆಂದೇ ಬಂದ ಸಹಪಾಠಿಗಳ ಎದುರು ಮಾನ ಉಳಿಸಿಕೊಳ್ಳಲು, ಮುಟ್ಟಬಾರದೆಂದು ತಾಯಿ ಎಚ್ಚರಿಸಿದ್ದ ಭರತನ ದೀಪವನ್ನು ಹಚ್ಚುತ್ತಾಳೆ. ದೀಪದೊಳಗೆ ಸೆರೆಯಾಗಿದ್ದ ‘ನಿದ್ರಿಸುವವನು’ ಎದ್ದು ಹೊರಡುತ್ತಾನೆ. ಸಹಪಾಠಿಗಳೂ ತಾಯಿಯೂ ಇದ್ದಲ್ಲಿಯೇ ಸ್ತಬ್ಧರಾಗಿ ನಿಲ್ಲುತ್ತಾರೆ. ತಾನು ಇಂದ್ರನ ಮಗಳು, ಅರ್ಜುನನ ಆತ್ಮವನ್ನು ಹೊತ್ತವಳು ಎಂಬುದು ಅರುವಿಗೆ ತಿಳಿಯುವಾಗ ಅವಳ ಮೈಮೇಲಿರುವುದು ಸ್ಪೈಡರ್‌ಮ್ಯಾನ್ ಚಿತ್ರದ ರಾತ್ರಿಯುಡುಪು.

ಪುಸ್ತಕದ ನಿಜವಾದ ಸಾಧನೆ ನನ್ನ ಮಟ್ಟಿಗೆ ಅರು ಅಲ್ಲ, ಅವಳ ಜೊತೆಗಾತಿ ಮಿನಿ. ಧರ್ಮರಾಯನ ಆತ್ಮವನ್ನು ಪಡೆದ ಮಿನಿ ಯಮನ ಮಗಳು. ಆದರೆ ಸಾವಿನ ಅಧಿದೇವತೆಯ ಈ ಮಗಳಿಗೆ ಎಲ್ಲದಕ್ಕೂ ಅಲರ್ಜಿ, ಎಲ್ಲದರ ಭಯ. ಬೆನ್ನಚೀಲದ ತುಂಬ ಔಷಧ. ಅವಳ ಮನೆಯವರು ಪಾಂಡವನಾಗುವವನು ಅಣ್ಣನೇ ಎಂದು ನಂಬಿದ್ದವರು. ತಾನು ತಪ್ಪಾಗಿ ಆಯ್ಕೆಯಾದವಳು ಎಂಬ ಅವಳ ಅಳುಕನ್ನು ಲೇಖಕಿ ಎಲ್ಲಿಯೂ ಹಗುರವಾಗಿ ಕಾಣುವುದಿಲ್ಲ. ಯುಧಿಷ್ಠಿರನನ್ನು ನಾವು ಸತ್ಯದ ಮೂರ್ತಿಯೆಂದು ದೂರದಿಂದ ಕೈಮುಗಿದು ಬಿಟ್ಟುಬಿಡುತ್ತೇವೆ. ಸರಿಯಾದುದನ್ನೇ ಮಾಡಬೇಕೆಂಬ ಆತಂಕ ಒಂದು ಪುಟ್ಟ ಮನಸ್ಸಿಗೆ ಎಷ್ಟು ಭಾರವಾಗಬಹುದು ಎಂಬುದನ್ನು ಮಿನಿಯಲ್ಲಿ ಕಂಡಾಗ, ಆ ಹಳೆಯ ಧರ್ಮರಾಯನ ಮೇಲೆಯೂ ನನಗೆ ಹೊಸದಾಗಿ ಪ್ರೀತಿ ಹುಟ್ಟಿತು. ಸುಳ್ಳುಗಾತಿ ಅರು, ಸತ್ಯವಂತೆ ಮಿನಿ ಇಬ್ಬರೂ ಸ್ನೇಹಿತೆಯರಾಗುವ ಬಗೆಯಲ್ಲಿ ಯಾವ ಅವಸರವೂ ಇಲ್ಲ.

ಯಮಲೋಕದ ದಾರಿಯಲ್ಲಿ ಮಯನು ಕಟ್ಟಿದ ಪಾಂಡವರ ಅರಮನೆ ಎದುರಾಗುವ ಭಾಗವಂತೂ ಇಡೀ ಪುಸ್ತಕದಲ್ಲಿ ಶ್ರೇಷ್ಠವಾದದ್ದು. ಮಯಸಭೆ ಎಂದೊಡನೆ ನಮಗೆ ನೆನಪಾಗುವುದು ನೆಲವೆಂದು ಭ್ರಮಿಸಿ ನೀರಿಗೆ ಬಿದ್ದ ದುರ್ಯೋಧನ ಮತ್ತು ಅವನ ಅವಮಾನ. ಚೋಕ್ಸಿ ಅವರು ಆ ಕಟ್ಟಡವನ್ನೇ ಕೇಳಿದ್ದಾರೆ: ಒಡೆಯರು ಬಿಟ್ಟು ಹೋದ ಮೇಲೆ ನಿನಗೇನಾಯಿತು? ತನ್ನನ್ನು ಮರೆತವರ ಮೇಲೆ ಮುನಿದಿರುವ, ಆದರೂ ಅವರಿಗಾಗಿಯೇ ಕಾಯುತ್ತಿರುವ ಆ ಮನೆ, ಮಕ್ಕಳನ್ನು ಮೊದಲು ಹೆದರಿಸಿ, ಕೊನೆಗೆ ತನ್ನದೇ ನೆಲದ ಒಂದು ಬಿಲ್ಲೆಯನ್ನು ಕೊಟ್ಟು ಬೀಳ್ಕೊಡುತ್ತದೆ. ಈ ಅಧ್ಯಾಯ ಮುಗಿದಾಗ ಅಕ್ಕನ ಮಗಳು ಸ್ವಲ್ಪ ಹೊತ್ತು ಮಾತನಾಡದೆ ಕುಳಿತು, ಆಮೇಲೆ ಊರಿನಲ್ಲಿ ಬೀಗ ಹಾಕಿರುವ ಅಜ್ಜಿಯ ಮನೆಯ ಬಗ್ಗೆ ಕೇಳಿದಳು.

ಕೆಲವು ಹೆತ್ತವರಿಗೆ ಇಲ್ಲಿ ಒಂದು ಶಂಕೆ ಬರುವುದು ಸಹಜ: ವಜ್ರಾಯುಧ ಪಿಂಗ್‌ಪಾಂಗ್ ಚೆಂಡಾಗಿದೆ, ಯಮದಂಡ ಮುಖ ನೋಡಿಕೊಳ್ಳುವ ಮಡಿಸುಗನ್ನಡಿಯಾಗಿದೆ, ಮುಟ್ಟಿದವರನ್ನು ಬೂದಿ ಮಾಡುವ ಅಸುರ ಬ್ಯೂಟಿ ಪಾರ್ಲರಿನ ಒಡತಿಯಾಗಿದ್ದಾನೆ, ಇದು ಪುರಾಣವನ್ನು ತಿರುಚುವುದಲ್ಲವೇ? ಕನ್ನಡಿಗರಾದ ನಾವು ಈ ಮಾತನ್ನು ಹೇಳುವ ಮೊದಲು ಪಂಪನನ್ನು ನೆನೆಯಬೇಕು. ಕ್ರಿ.ಶ. 941ರ ಸುಮಾರಿಗೆ ಅವನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿ ಭಾರತವನ್ನು ಹೇಳಿದ. ಆ ಬದಲಾವಣೆಗಳಿಂದ ಕಾವ್ಯಕ್ಕೆ ಊನವಾಗಲಿಲ್ಲ. ಬದಲಾವಣೆಯ ಹಿಂದೆ ಗೌರವವಿದೆಯೇ ಎಂಬುದಷ್ಟೇ ನೋಡಬೇಕಾದದ್ದು, ಮತ್ತು ಇಲ್ಲಿ ಅದು ಇದೆ. ಮಕ್ಕಳಿಗೆ ದಾರಿ ತೋರಿಸಲು ಬರುವ ಪಾರಿವಾಳ ಬೂ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪೂರ್ಣ ಹೆಸರು ಸುಬಲ ಎಂದು ಓದಿದೊಡನೆ ಭಾರತದ ಕಥೆ ಬಲ್ಲ ಹಿರಿಯರ ಕಿವಿ ನಿಮಿರುತ್ತದೆ. ಗುಟ್ಟನ್ನು ನಾನು ಒಡೆಯುವುದಿಲ್ಲ. ಮೂಲವನ್ನು ಮೇಲುಮೇಲೆ ಓದಿದವರಿಗೆ ಆ ಪಾತ್ರ ಹೊಳೆಯುವಂಥದ್ದಲ್ಲ ಎಂದಷ್ಟೇ ಹೇಳುತ್ತೇನೆ.

ಕೊರತೆಗಳೂ ಇವೆ. ಮೂರು ಕೀಲಿಗಳನ್ನು ಹುಡುಕಿ ಯಮಲೋಕದ ಬಾಗಿಲು ತೆರೆಯಬೇಕೆಂಬ ಹಂದರ ನಡುಭಾಗದಲ್ಲಿ ವಿಡಿಯೊ ಗೇಮಿನ ಹಂತಗಳಂತೆ ಸಾಗುತ್ತದೆ. ಹನುಮಂತ, ಊರ್ವಶಿ ಮೊದಲಾದವರು ಬಂದಷ್ಟೇ ಬೇಗ ಮರೆಯಾಗುತ್ತಾರೆ. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಹಾಸ್ಯ. ಪ್ರತಿ ಪುಟದಲ್ಲಿಯೂ ಅಮೆರಿಕದ ಸಿನಿಮಾ, ತಿಂಡಿ, ಅಂಗಡಿಗಳ ಉಲ್ಲೇಖಗಳು ನುಗ್ಗಿಬರುತ್ತವೆ. ಪುಸ್ತಕದ ಕೊನೆಯಲ್ಲಿ ಪದಕೋಶವಿದೆ. ಅಪ್ಸರೆ, ಅಸುರ ಮುಂತಾದ ಮಾತುಗಳಿಗೆ ಅಲ್ಲಿ ಚಂದದ ವಿವರಣೆಗಳಿವೆ. ನಮ್ಮ ಮನೆಯ ಹುಡುಗಿಗೆ ಆ ಯಾವ ವಿವರಣೆಯೂ ಬೇಕಾಗಲಿಲ್ಲ. ಯಕ್ಷಗಾನದಲ್ಲಿ ಭಸ್ಮಾಸುರ ಮೋಹಿನಿ ಪ್ರಸಂಗ ನೋಡಿದ್ದ ಅವಳು ಪಾರ್ಲರಿನ ಒಡತಿಯನ್ನು ಅರು, ಮಿನಿಯರಿಗಿಂತ ಮೊದಲೇ ಗುರುತಿಸಿದಳು. ಚಿತ್ರಗುಪ್ತ ಬಂದಾಗ ಹಳೆಯ ಪರಿಚಯದವನನ್ನು ಕಂಡಂತೆ ನಕ್ಕಳು. ಅವಳು ತಡೆದು ನಿಂತದ್ದು ದೇವಲೋಕದ ಇರುಳ ಸಂತೆ ಕಾಸ್ಟ್ಕೊದಂತೆ ಕಾಣುತ್ತದೆ ಎಂಬಲ್ಲಿ. ಅದು ಅಲ್ಲಿನ ದೊಡ್ಡ ಸಗಟು ಅಂಗಡಿ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಇದು ನೇರ ವಿರುದ್ಧವಾಗಿದ್ದು, ಅಂಗಡಿಯ ಮೂಲಕ ಅವರು ಸ್ವರ್ಗವನ್ನು ಅರಿಯುತ್ತಾರೆ. ಪುಸ್ತಕ ಬರೆದದ್ದು ಮುಖ್ಯವಾಗಿ ಆ ಮಕ್ಕಳಿಗಾಗಿ; ಮನೆಯಲ್ಲಿ ಕೇಳಿದ ಕಥೆಗೆ ಶಾಲೆಯಲ್ಲಿ ಜಾಗವಿಲ್ಲವೆಂದು ನೊಂದ ಯಾವ ಮಗುವಿಗೂ ಅರು ಆಪ್ತಳಾಗುತ್ತಾಳೆ.

ಇಲ್ಲಿನ ಮಕ್ಕಳಿಗೂ ನಾನು ಇದನ್ನು ಖಂಡಿತ ಕೊಡಿಸುತ್ತೇನೆ, ಆದರೆ ಹತ್ತು ವರ್ಷ ದಾಟಿದ ಮೇಲೆ, ಭಾರತದ ಕಥೆಯನ್ನು ಒಮ್ಮೆಯಾದರೂ ಕನ್ನಡದಲ್ಲಿ ಕೇಳಿದ ಮೇಲೆ. ಆಗ ಬದಲಾವಣೆಗಳ ಸೊಗಸು ತಾನಾಗಿ ತಿಳಿಯುತ್ತದೆ. ಅರುವಿನ ಕಥೆಯ ಸರಣಿಯಲ್ಲಿ ಒಟ್ಟು ಐದು ಕಾದಂಬರಿಗಳಿದ್ದು, ಕೊನೆಯದು 2022ರಲ್ಲಿ ಬಂದಿದೆ. ಕ್ರಮ ತಪ್ಪಿಸಿ ಓದಿದರೆ ಗುಟ್ಟುಗಳು ಮೊದಲೇ ಹೊರಬೀಳುತ್ತವೆ. ಎರಡನೆಯ ಭಾಗದಲ್ಲಿ ವಾಯುವಿನ ಮಗಳು ಬ್ರಿನ್ ಬರುತ್ತಾಳೆ. ಅವಳಿಗೆ ಅಡುಗೆಯೆಂದರೆ ಪ್ರಾಣ ಎಂದು ನಾನು ಹೇಳಿದೊಡನೆ ಅಕ್ಕನ ಮಗಳು, “ಹಾಗಾದರೆ ವಲಲ!” ಎಂದು ವಿರಾಟನ ಅಡುಗೆಮನೆಯ ಭೀಮನ ಹೆಸರನ್ನು ಕೂಗಿ ಪುಸ್ತಕವನ್ನು ನನ್ನ ಕೈಯಿಂದ ಕಸಿದುಕೊಂಡಳು.