ಶಾಯಿ ಮೊದಲ ದಿನವೇ ಹೆಚ್ಚು ಕಪ್ಪಾಗಿ ಕಂಡರೆ ಸಂಶಯಪಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹೆಚ್ಚು ದೂರವಿಲ್ಲದ ಒಂದು ಸಣ್ಣ ಪೇಟೆಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕನ್ನಡ ಮಾಧ್ಯಮ ಶಾಲೆಗಳ ಪ್ರಶ್ನೆಪತ್ರಿಕೆ, ದೇವಸ್ಥಾನಗಳ ವಿನಂತಿಪತ್ರ, ತಾಳಮದ್ದಳೆಯ ಕರಪತ್ರ, ಮಲಯಾಳದಲ್ಲಿ ತುಂಬಬೇಕಾದ ಸರಕಾರಿ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಇವೇ ನನ್ನ ದಿನನಿತ್ಯದ ಕೆಲಸಗಳು. ಕಳೆದ ವರ್ಷದ ಮಳೆಗಾಲದಲ್ಲಿ, ಹೊರಗಿನ ಕಂಪೆನಿಯ ರೀಫಿಲ್ ಶಾಯಿಯನ್ನು ಸರಿಯಾಗಿ ವಿಚಾರಿಸದೆ ತುಂಬಿ ಒಂದು ಪ್ರಿಂಟರನ್ನು ಕಳೆದುಕೊಂಡೆ. ಪ್ರಿಂಟರಿನ ಕಂಪೆನಿಯೇ ಮಾರುವ ಅಸಲಿ ಶಾಯಿಯನ್ನೇ ಕೊಳ್ಳಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹೊರಗಿನ ಶಾಯಿಯನ್ನು ನಾನು ಈಗಲೂ ಬಳಸುತ್ತೇನೆ. ನಾನು ಎಡವಿದ ಜಾಗದಲ್ಲಿ ಇನ್ನೊಬ್ಬರು ಎಡವದಿರಲಿ ಎಂಬಷ್ಟೇ ಉದ್ದೇಶ.

ನನ್ನಲ್ಲಿ ಎಪ್ಸನ್ ಎಲ್ 3110 ಮಾದರಿಯ ಎರಡು ಪ್ರಿಂಟರುಗಳಿದ್ದವು. ಶಾಲೆ ತೆರೆಯುವ ಮೊದಲು ಕಾಗದ ತರಲೆಂದು ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿದ್ದಾಗ, ಅಂಗಡಿಯೊಂದರಲ್ಲಿ ಅರ್ಧ ಲೀಟರಿನ ನಾಲ್ಕು ಬಾಟಲಿಗಳು, ಅಂದರೆ ನಾಲ್ಕು ಬಣ್ಣಗಳೂ ಸೇರಿ, 1,100 ರೂಪಾಯಿಗೆ ಸಿಗುತ್ತವೆಂದು ತಿಳಿಯಿತು. ನನ್ನ ಪ್ರಿಂಟರಿನ ಅಸಲಿ ಶಾಯಿ 65 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ ಬರುವುದರಿಂದ, ಆ ನಾಲ್ಕು ದೊಡ್ಡ ಬಾಟಲಿಗಳನ್ನು ನೋಡಿದಾಗಲೇ ಮನಸ್ಸು ಅರ್ಧ ಸೋತಿತ್ತು. “ಎಲ್ಲ ಪ್ರಿಂಟರಿಗೂ ಆಗ್ತದೆ, ನೀವು ಧೈರ್ಯದಲ್ಲಿ ಹಾಕಿ” ಎಂದು ಅಂಗಡಿಯವರು ಹೇಳಿದರು. ಬಾಟಲಿಯ ಮೇಲೆ ಬಣ್ಣದ ಹೆಸರು ಮತ್ತು ‘ಪ್ರೀಮಿಯಂ ಕ್ವಾಲಿಟಿ’ ಎಂಬೆರಡು ಶಬ್ದಗಳಲ್ಲದೆ ಯಾವ ಮಾದರಿಗೆಂದಾಗಲಿ, ಡೈ ಶಾಯಿಯೋ ಪಿಗ್ಮೆಂಟ್ ಶಾಯಿಯೋ ಎಂದಾಗಲಿ, ತಯಾರಾದ ತಿಂಗಳಾಗಲಿ, ಬ್ಯಾಚ್ ಸಂಖ್ಯೆಯಾಗಲಿ ಇರಲಿಲ್ಲ. ಬಿಲ್ಲು ಬೇಕಾದರೆ ತೆರಿಗೆ ಸೇರುತ್ತದೆ ಎಂದಾಗ ಬಿಲ್ಲನ್ನೂ ಬಿಟ್ಟೆ.

ಮೊದಲ ದಿನ ಬಂದ ಫಲಿತಾಂಶವೇ ನನ್ನನ್ನು ಮೋಸಗೊಳಿಸಿತು. ಸಾದಾ ಕಾಗದದ ಮೇಲೆ ಅಕ್ಷರಗಳು ಅಸಲಿ ಶಾಯಿಗಿಂತ ದಟ್ಟವಾಗಿ, ಅಂಚು ಕೊರೆದಂತೆ ಸ್ಪಷ್ಟವಾಗಿ ಬಂದವು. ಪ್ರಶ್ನೆಪತ್ರಿಕೆ ಕೊಂಡುಹೋಗಲು ಬಂದ ಮಾಷ್ಟ್ರು ಕೂಡ “ಈ ಸಲ ಒಳ್ಳೆ ಕಪ್ಪು ಬಂದಿದೆ” ಎಂದು ಹೊಗಳಿದರು. ಆ ಕಪ್ಪು ಹಾಗೆ ಬರಲು ಕಾರಣವೇನೆಂದು ಆಗಲೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಂಡದ್ದು ಇಷ್ಟು ವರ್ಷ ಅಸಲಿ ಶಾಯಿಗೆ ಸುಮ್ಮನೆ ದುಡ್ಡು ಸುರಿದೆನಲ್ಲ ಎಂದು.

ಎರಡನೆಯ ವಾರ, ಗಲ್ಫಿಗೆ ಹೊರಟಿದ್ದ ಯುವಕನೊಬ್ಬ ಹಿಂದಿನ ದಿನ ತೆಗೆಸಿಕೊಂಡ ಫೋಟೊಗಳೊಂದಿಗೆ ಮರಳಿ ಬಂದು, “ಅಣ್ಣಾ, ಕೂದಲು ಕೈಗೆ ಬರ್ತಾ ಉಂಟು” ಎಂದ. ಹೊಳಪು ಕಾಗದದ ಮೇಲೆ ತಲೆಗೂದಲಿನ ಕಪ್ಪು ಭಾಗವನ್ನು ಬೆರಳಿನಿಂದ ಒರಸಿದರೆ ನಿಜಕ್ಕೂ ಮಸಿ ಏಳುತ್ತಿತ್ತು. ಮುಖದ ಬಣ್ಣಗಳಿಗೆ ಏನೂ ಆಗುತ್ತಿರಲಿಲ್ಲ. ಕಾಗದದ ದೋಷವೆಂದು ಭಾವಿಸಿ ಬೇರೆ ಕಾಗದದಲ್ಲಿ ತೆಗೆದುಕೊಟ್ಟೆ. ಅದರಲ್ಲೂ ಹಾಗೆಯೇ ಆಯಿತು.

ಇದರ ಮರ್ಮ ಶಾಯಿಯ ಜಾತಿಯಲ್ಲಿದೆ. ಡೈ ಶಾಯಿಯೆಂದರೆ ಬೆಲ್ಲ ಕರಗಿದ ನೀರಿನಂತೆ. ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಪಿಗ್ಮೆಂಟ್ ಶಾಯಿಯೆಂದರೆ ಅರಸಿನ ಕದಡಿದ ನೀರಿನಂತೆ. ಬಣ್ಣದ ಅತಿ ಸಣ್ಣ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ, ಮತ್ತು ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯಲು ಬೇರೆ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಸಾದಾ ಕಾಗದದ ಮೇಲೆ ಕಣಗಳು ಮೇಲ್ಪದರದಲ್ಲೇ ನಿಲ್ಲುವುದರಿಂದ ಕಪ್ಪು ದಟ್ಟವಾಗಿ ಕಾಣುತ್ತದೆ, ನೀರು ತಾಗಿದರೂ ಹರಡುವುದಿಲ್ಲ. ಹೊಳಪು ಕಾಗದದ ಲೇಪದೊಳಗೆ ಡೈ ಇಳಿಯುತ್ತದೆ, ಕಣಗಳು ಇಳಿಯದೆ ಮೇಲೆಯೇ ಕೂರುತ್ತವೆ. ಎಲ್ 3110ಕ್ಕೆ ಎಪ್ಸನ್ ಕೊಡುವ 003 ಶಾಯಿಯಲ್ಲಿ ನಾಲ್ಕು ಬಣ್ಣಗಳೂ ಡೈ. ಅದೇ ಕಂಪೆನಿಯ 001 ಶಾಯಿಯಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಡೈ. ಕ್ಯಾನನ್‌ನ ಜಿಐ 790ರಲ್ಲೂ ಎಚ್‌ಪಿಯ ಜಿಟಿ 53ರಲ್ಲೂ ಕಪ್ಪು ಪಿಗ್ಮೆಂಟೇ. ಹೀಗಿರುವಾಗ ‘ಎಲ್ಲ ಪ್ರಿಂಟರಿಗೂ ಆಗುವ’ ಕಪ್ಪು ಎಂಬ ವಸ್ತು ಇರುವುದಾದರೂ ಹೇಗೆ? ನಾನು ತಂದದ್ದು ಪಿಗ್ಮೆಂಟ್ ಕಪ್ಪು. ಟ್ಯಾಂಕಿನಲ್ಲಿ ಕಾಲುಭಾಗ ಉಳಿದಿದ್ದ ಡೈ ಕಪ್ಪಿನ ಮೇಲೆಯೇ ಅದನ್ನು ಹೊಯ್ದಿದ್ದೆ.

ಜೂನ್ ಕೊನೆಯ ಹೊತ್ತಿಗೆ ಅಕ್ಷರಗಳ ನಡುವೆ ಬಿಳಿ ಗೆರೆಗಳು ಕಾಣಿಸಿಕೊಂಡವು. ಬೇಸಿಗೆಯಾಗಿದ್ದರೆ ಶಾಯಿ ಒಣಗಿತೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ, ದಿನವೂ ಓಡುವ ಪ್ರಿಂಟರಿನಲ್ಲಿ, ಆ ಕಾರಣ ಹೊಂದುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ನಡುವೆ ಒಂದು ಗೆರೆ ಹೋದರೆ ಓದುವವನು ಊಹಿಸಿಕೊಳ್ಳುತ್ತಾನೆ, ಆದರೆ ಕನ್ನಡದಲ್ಲಿ ಮಹಾಪ್ರಾಣದ ಸೀಳು, ಒತ್ತಕ್ಷರದ ಕೊಂಡಿ ಎಲ್ಲವೂ ಸಾಲಿನ ಕೆಳಗಿನ ಅಂಚಿನಲ್ಲೇ ಇರುತ್ತವೆ. ಜೀರ್ಣೋದ್ಧಾರ ಸಮಿತಿಯೊಂದರ ವಿನಂತಿಪತ್ರದಲ್ಲಿ ಗೆರೆ ಸರಿಯಾಗಿ ಅಲ್ಲಿಗೇ ಬಂದು, ‘ಧನಸಹಾಯ’ ಎಂಬುದು ‘ದನಸಹಾಯ’ವಾಯಿತು. ಇನ್ನೂರು ಪ್ರತಿಗಳನ್ನು ಮತ್ತೆ ಮಾಡಿಕೊಡಬೇಕಾಯಿತು. ಸಮಿತಿಯವರು ನಕ್ಕರು, ನನಗೆ ನಗು ಬರಲಿಲ್ಲ.

ಆ ಬಳಿಕ ಮಾಡಿದ್ದು ಇನ್ನೂ ದೊಡ್ಡ ತಪ್ಪು. ದಿನಕ್ಕೆ ಎರಡು ಮೂರು ಬಾರಿ ಹೆಡ್ ಕ್ಲೀನಿಂಗ್, ಅಂದರೆ ಶಾಯಿ ಚಿಮ್ಮುವ ಹೆಡ್ಡನ್ನು ಪ್ರಿಂಟರಿನಿಂದಲೇ ತೊಳೆಸುವ ಆದೇಶ, ಕೊಡತೊಡಗಿದೆ. ಈ ಕ್ರಿಯೆಯಲ್ಲಿ ಪ್ರಿಂಟರ್ ಹೆಡ್ಡಿನ ಮೂಲಕ ಶಾಯಿಯನ್ನು ಎಳೆದು, ಬೇಡದ ಶಾಯಿಯನ್ನು ಹೀರಿಕೊಳ್ಳುವ ಒಳಗಿನ ವೇಸ್ಟ್ ಇಂಕ್ ಪ್ಯಾಡಿಗೆ ಬಿಡುತ್ತದೆ. ಎಷ್ಟು ಬಿಟ್ಟಿತೆಂಬ ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಆ ಲೆಕ್ಕ ತುಂಬಿದ ದಿನ ಪ್ರಿಂಟರ್ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ನನ್ನದು ಜುಲೈ ಎರಡನೆಯ ವಾರ ಹಾಗೆ ನಿಂತಿತು. ಅದಕ್ಕೆ ಮೊದಲು ಯಾರದೋ ಸಲಹೆ ಕೇಳಿ, ಬಾವಿಯ ನೀರನ್ನು ಕುದಿಸಿ ಆರಿಸಿ ಹೆಡ್ಡಿನ ಕೆಳಗೆ ಒದ್ದೆ ಬಟ್ಟೆ ಇಟ್ಟಿದ್ದೆ. ಕುದಿಸುವುದರಿಂದ ನೀರಿನಲ್ಲಿ ಕರಗಿರುವ ಖನಿಜಗಳೆಲ್ಲ ಹೋಗುವುದಿಲ್ಲ, ಕೆಂಪುಕಲ್ಲಿನ ನಮ್ಮ ಬಾವಿಗಳ ನೀರಂತೂ ಈ ಕೆಲಸಕ್ಕೆ ಸಲ್ಲದು. ಬೇಕಿದ್ದರೆ ಡಿಸ್ಟಿಲ್ಡ್ ವಾಟರನ್ನೇ ತರಬೇಕು.

ರಿಪೇರಿಯ ಹುಡುಗ ಬಂದವನು ಹೆಡ್ಡಿನ ಯಾವ ರಂಧ್ರ ಮುಚ್ಚಿದೆಯೆಂದು ತೋರಿಸುವ ನೋಝಲ್ ಚೆಕ್ ಕಾಗದವನ್ನು ಒಮ್ಮೆ ನೋಡಿ, “ಅಣ್ಣ, ಕಪ್ಪು ಯಾವುದು ಹಾಕಿದ್ದು?” ಎಂದು ಮೊದಲು ಕೇಳಿದ. ಟ್ಯಾಂಕಿನಿಂದ ಸಿರಿಂಜಿನಲ್ಲಿ ಎಳೆದು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟಾಗ, ಕಾಫಿಯ ಚರಟದಂತಹ ಸಣ್ಣ ಸಣ್ಣ ಗಂಟುಗಳು ಉಳಿದವು. ಈ ಪ್ರಿಂಟರಿನ ಹೆಡ್ಡಿನಲ್ಲಿ ಕಪ್ಪಿಗೆ 180 ರಂಧ್ರಗಳೂ ಉಳಿದ ಒಂದೊಂದು ಬಣ್ಣಕ್ಕೆ 59 ರಂಧ್ರಗಳೂ ಇವೆ. ಒಂದೊಂದೂ ತಲೆಕೂದಲಿಗಿಂತ ಸಪೂರ. ಎರಡು ದಿನ ದ್ರಾವಣ ಹಾಕಿ ತೊಳೆದರೂ ಕಪ್ಪಿನ ರಂಧ್ರಗಳಲ್ಲಿ ಸುಮಾರು ಕಾಲುಭಾಗ ತೆರೆಯಲೇ ಇಲ್ಲ. ಹೆಡ್ ಬದಲಿಸುವುದು, ಪ್ಯಾಡ್ ಬದಲಿಸುವುದು, ಕೊಳವೆಗಳನ್ನು ತೊಳೆಯುವುದು ಎಲ್ಲವನ್ನೂ ಕೂಡಿಸಿದರೆ ಹೊಸ ಪ್ರಿಂಟರಿನ ಅರ್ಧ ಬೆಲೆಯ ಹತ್ತಿರ ಬರುತ್ತಿತ್ತು. ಕೈಬಿಟ್ಟೆ. ಎರಡನೆಯ ಪ್ರಿಂಟರ್ ಉಳಿದದ್ದು ನನ್ನ ಜಾಣತನದಿಂದಲ್ಲ. ಆ ದಿನ ಅದರ ಟ್ಯಾಂಕು ತುಂಬಿತ್ತು, ಅಷ್ಟೆ.

ಪಿಗ್ಮೆಂಟ್ ಶಾಯಿಯೇ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಅದಕ್ಕೆಂದೇ ಮಾಡಿದ ಪ್ರಿಂಟರಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಮತ್ತು ದಾಖಲೆಪತ್ರಗಳಿಗೆ ಅದೇ ಮೇಲು. ಬೇರೆ ಬೇರೆ ರಾಸಾಯನಿಕ ಗುಣದ ಎರಡು ಶಾಯಿಗಳು ಒಂದೇ ಟ್ಯಾಂಕಿನಲ್ಲಿ ಸೇರಿದಾಗ ಕಣಗಳು ಗಂಟುಕಟ್ಟಬಹುದು ಎಂಬುದೇ ಇಲ್ಲಿಯ ಅಪಾಯ. ಇನ್ನೊಂದು ವ್ಯತ್ಯಾಸವೂ ಇದೆ. ಎಚ್‌ಪಿ ಮತ್ತು ಕ್ಯಾನನ್ ಪ್ರಿಂಟರುಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಉಂಟಾದ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರದೂಡುತ್ತಾರೆ. ಎಪ್ಸನ್‌ನಲ್ಲಿ ವಿದ್ಯುತ್ತಿಗೆ ಬಾಗುವ ಪೀಜೊ ಬಿಲ್ಲೆ ಆ ಕೆಲಸ ಮಾಡುತ್ತದೆ, ಕಾಯಿಸುವುದಿಲ್ಲ. ಹನಿಯನ್ನು ದೂಡುವ ಬಗೆಯೇ ಬೇರೆಯಾಗಿರುವುದರಿಂದ ಎರಡಕ್ಕೂ ಒಂದೇ ಶಾಯಿಯನ್ನು ಮಾರುವವರ ಮಾತನ್ನು ನಂಬಲಾಗದು. ಎಚ್‌ಪಿಯ ಹಲವು ಸಣ್ಣ ಪ್ರಿಂಟರುಗಳಲ್ಲಿ ಹೆಡ್ ಕಾರ್ಟ್ರಿಜ್ಜಿನಲ್ಲೇ ಇರುವುದರಿಂದ, ಕೆಟ್ಟ ಶಾಯಿ ಹಾಕಿದರೆ ಹೋಗುವುದು ಆ ಕಾರ್ಟ್ರಿಜ್ ಮಾತ್ರ. ಹೆಡ್ ಪ್ರಿಂಟರಿನೊಳಗೇ ಇರುವ ಮಾದರಿಗಳಲ್ಲಿ ತಪ್ಪಿನ ಬೆಲೆ ಹೆಚ್ಚು.

ಶಾಯಿ ಮಾರಿದವರಲ್ಲಿಗೆ ಮತ್ತೆ ಹೋದೆ. ತಾವು ಕೊಟ್ಟದ್ದೇ ಅದು ಎನ್ನುವುದಕ್ಕೆ ಏನು ಆಧಾರ ಎಂದು ಅವರು ಕೇಳಿದರು, ನನ್ನಲ್ಲಿ ಬಿಲ್ಲಿರಲಿಲ್ಲ. ಗಡಿಯ ನಾವು ಕಾಗದ, ಶಾಯಿ, ಬಿಡಿಭಾಗಗಳಿಗೆ ಮಂಗಳೂರಿಗೇ ಹೋಗುವವರು, ಅಂಗಡಿ ಕರ್ನಾಟಕದಲ್ಲಿ, ನಾವು ಕೇರಳದಲ್ಲಿ, ದೂರು ಎಲ್ಲಿ ಕೊಡುವುದೆಂದು ಸುಮ್ಮನಿರುವವರೇ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರು ಇದ್ದಲ್ಲಿಗೆ ಹೋಗಬೇಕೆಂದಿಲ್ಲ. ಆದರೆ ಕೊಂಡದ್ದಕ್ಕೆ ಸಾಕ್ಷಿ ಇಲ್ಲದವನಿಗೆ ಆ ಅನುಕೂಲದಿಂದ ಏನು ಪ್ರಯೋಜನ?

ಡಿಸೆಂಬರಿನಲ್ಲಿ ಇನ್ನೊಂದು ಏಟು ಬಿತ್ತು. ಜೂನ್‌ನಲ್ಲಿ ಹಿರಿಯರೊಬ್ಬರ ಹಳೆಯ ಚಿತ್ರವನ್ನು ದೊಡ್ಡದು ಮಾಡಿಕೊಟ್ಟಿದ್ದೆ. ಮನೆಯವರು ಅದಕ್ಕೆ ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದರು. ಆರು ತಿಂಗಳಲ್ಲಿ ಮುಖ ಹಸಿರುಗಟ್ಟಿತ್ತು. ಮಜೆಂಟಾ (ಕಡುಗುಲಾಬಿ) ಬಣ್ಣ ಬೆಳಕಿಗೆ ಮಾಸಿದರೆ ಸಯಾನ್ (ತಿಳಿನೀಲಿ) ಮತ್ತು ಹಳದಿ ಮಾತ್ರ ಉಳಿಯುತ್ತವೆ, ಅವೆರಡೂ ಸೇರಿದರೆ ಹಸಿರು. ಕಪ್ಪಿನ ದೋಷ ಎರಡು ವಾರದಲ್ಲಿ ಕಂಡಿತ್ತು; ಮಜೆಂಟಾದ ದೋಷ ಕಾಣಲು ಆರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎಷ್ಟು ಮನೆಗಳಿಗೆ ಅಂತಹ ಚಿತ್ರಗಳನ್ನು ಕೊಟ್ಟಿದ್ದೇನೋ, ಈಗಲೂ ಯಾರಾದರೂ ಚೌಕಟ್ಟು ಹಿಡಿದುಕೊಂಡು ಮೆಟ್ಟಿಲು ಹತ್ತಿದರೆ ಎದೆ ಧಸಕ್ಕೆನ್ನುತ್ತದೆ.

ಈಗ ನಾನು ಶಾಯಿ ಕೊಳ್ಳುವ ಕ್ರಮ ಬೇರೆ. ಪ್ರಿಂಟರಿನ ಶಾಯಿಯ ಸಂಖ್ಯೆ ಯಾವುದು, ಅದರಲ್ಲಿ ಯಾವ ಬಣ್ಣ ಡೈ, ಯಾವುದು ಪಿಗ್ಮೆಂಟ್ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಆ ಸಂಖ್ಯೆಯನ್ನೂ ಶಾಯಿಯ ಜಾತಿಯನ್ನೂ ಬಾಟಲಿಯ ಮೇಲೆಯೇ ಮುದ್ರಿಸಿರುವ, ಬ್ಯಾಚ್ ಸಂಖ್ಯೆ ಮತ್ತು ತಿಂಗಳು ಇರುವ, ಮುಚ್ಚಳದ ಕೆಳಗೆ ಸೀಲು ಒಡೆಯದಿರುವ ಬಾಟಲಿಯನ್ನು ಮಾತ್ರ ಮುಟ್ಟುತ್ತೇನೆ. ಮೊದಲ ಬಾರಿಗೆ ಸಣ್ಣ ಬಾಟಲಿಯೇ ಸಾಕು. ಅಸಲಿಯಂತೆ ಕಾಣುವ ಪೆಟ್ಟಿಗೆ ಅಸಲಿಗಿಂತ ತೀರಾ ಅಗ್ಗವಾಗಿದ್ದರೆ ಅದನ್ನೂ ಬಿಡುತ್ತೇನೆ. ನಕಲಿಗಿಂತ ತನ್ನ ಹೆಸರಿನಲ್ಲೇ ಮಾರುವ ಹೊರಗಿನ ಕಂಪೆನಿ ಮೇಲು. ಬಿಲ್ಲನ್ನು ಬಾಟಲಿಗೇ ರಬ್ಬರ್ ಹಾಕಿ ಕಟ್ಟಿಡುತ್ತೇನೆ.

ಜಾತಿಯನ್ನು ಪರೀಕ್ಷಿಸುವುದಕ್ಕೆ ಪ್ರಿಂಟರೇ ಬೇಕಾಗಿಲ್ಲ. ಕಡ್ಡಿಯಲ್ಲಿ ಅದ್ದಿ ಸಾದಾ ಕಾಗದದ ಮೇಲೆ ಒಂದು ಗೆರೆ ಎಳೆದು, ಒಂದು ದಿನ ಒಣಗಲು ಬಿಟ್ಟು, ಮೇಲೆ ಒಂದು ಹನಿ ನೀರು ಬಿಡಬೇಕು. ಡೈ ಆಗಿದ್ದರೆ ಬಣ್ಣ ಹರಡುತ್ತದೆ, ಪಿಗ್ಮೆಂಟ್ ಆಗಿದ್ದರೆ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಈ ಒಂದು ಹನಿ ನೀರು ನನ್ನ ಪ್ರಿಂಟರನ್ನು ಉಳಿಸುತ್ತಿತ್ತು. ಟ್ಯಾಂಕಿನಲ್ಲಿ ಹಳೆಯ ಶಾಯಿ ಕೆಳಗಿನ ಗೆರೆಯ ಹತ್ತಿರ ಬರುವವರೆಗೆ ಕಾದು ಹೊಸದನ್ನು ಹಾಕುತ್ತೇನೆ. ಗೆರೆಗಿಂತ ಕೆಳಗಿಳಿಯಲು ಬಿಡುವುದಿಲ್ಲ, ಬಿಟ್ಟರೆ ಕೊಳವೆಗೆ ಗಾಳಿ ಹೋಗುತ್ತದೆ. ಹೊಸ ಶಾಯಿಯನ್ನು ಮೊದಲು ಅಕ್ಷರದ ಕೆಲಸಕ್ಕಿರುವ ಪ್ರಿಂಟರಿಗೆ ಮಾತ್ರ ಹಾಕಿ, ಎರಡು ವಾರ ದಿನಕ್ಕೊಂದು ನೋಝಲ್ ಚೆಕ್ ತೆಗೆದು ದಿನಾಂಕ ಬರೆದು ಇಡುತ್ತೇನೆ.

ಫೋಟೊದ ಪ್ರಿಂಟರಿಗೆ ಅಸಲಿ ಶಾಯಿಯೇ. 003ರ ಒಂದು ಕಪ್ಪು ಬಾಟಲಿಗೆ 4,500 ಪುಟಗಳೆಂದು ಕಂಪೆನಿ ಹೇಳುತ್ತದೆ. ನಮ್ಮ ಪುಟಗಳು ಅವರ ಪರೀಕ್ಷೆಯ ಪುಟಗಳಿಗಿಂತ ದಟ್ಟವಾಗಿದ್ದರೂ ಅದು ಪುಟಕ್ಕೆ ಪೈಸೆಗಳ ಲೆಕ್ಕವೇ ಹೊರತು ರೂಪಾಯಿಯದ್ದಲ್ಲ. ಅಕ್ಷರದ ಪ್ರಿಂಟರಿನಲ್ಲಿ ಈಗಿರುವ ಹೊರಗಿನ ಶಾಯಿಗೆ ನಾಲ್ಕು ತಿಂಗಳಾಯಿತು. ಅದರ ನಾಲ್ಕು ಬಣ್ಣಗಳ ಪಟ್ಟಿಯೊಂದನ್ನು ಮುದ್ರಿಸಿ, ಅರ್ಧಕ್ಕೆ ರಟ್ಟು ಮುಚ್ಚಿ, ಪಶ್ಚಿಮದ ಕಿಟಕಿಗೆ ಅಂಟಿಸಿದ್ದೇನೆ. ಮೊನ್ನೆ ರಟ್ಟು ಎತ್ತಿ ನೋಡಿದಾಗ ಸಯಾನ್, ಹಳದಿ, ಕಪ್ಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಜೆಂಟಾ ಒಂದು ಎಳೆಯಷ್ಟು ಇಳಿದಿದೆ. ಆ ಬಣ್ಣವನ್ನು ಫೋಟೊಗೆ ಬಳಸುವುದಿಲ್ಲ.