ಬಾಟಮ್ ಪೇಂಟ್ ಹೊಡೆಸುವವರೇ, ಡ್ರಮ್ಮಿನ ತಳ ನೋಡಿ

ಹೋದ ವರ್ಷ ಚಿಪ್ಪು ಹಿಡಿಯಬಾರದು ಅಂತ ನನ್ನ ಮೀನುಗಾರಿಕೆ ಬೋಟಿನ ಬುಡಕ್ಕೆ ಹೊಡೆಸಿದ ಪೇಂಟ್ ಎರಡೂವರೆ ತಿಂಗಳಿಗೇ ಕೈಕೊಟ್ಟಿತು. ಪೇಂಟ್ ಕಂಪನಿಯ ತಪ್ಪಲ್ಲ. ಅರ್ಧ ತಪ್ಪು ಗುತ್ತಿಗೆಯವನದ್ದು, ಇನ್ನರ್ಧ ನನ್ನದೇ. ಈಗ ಮಲ್ಪೆ, ಗಂಗೊಳ್ಳಿ, ಮಂಗಳೂರು ಎಲ್ಲ ಕಡೆ ಬೋಟುಗಳು ಪೇಂಟಿಗೆ ದಡದ ಮೇಲೆ ಬರ್ತಾ ಇವೆ. ನಿಮಗೂ ಹಾಗಾಗಬಾರದು ಅಂತ ಬರೀತಾ ಇದ್ದೇನೆ.

ನನ್ನದು 60 ಅಡಿಯ ಸ್ಟೀಲ್ ಟ್ರಾಲ್ ಬೋಟ್. ನಮಗೆ ಪೇಂಟ್ ಹೊಡೆಸಲು ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ ಮಾತ್ರ. ಕರಾವಳಿಯಲ್ಲಿ ಆ 61 ದಿನವೂ ಮಳೆ! ವರ್ಷದಲ್ಲಿ ಪೇಂಟಿಗೆ ಅತಿ ಕೆಟ್ಟ ಎರಡು ತಿಂಗಳಲ್ಲೇ ನಾವು ಪೇಂಟ್ ಹೊಡೆಯಬೇಕು. ಆದ್ದರಿಂದ ಎಲ್ಲರಿಗೂ ಅವಸರ. ಮೂರು ದಿನ ಬಿಸಿಲು ಬಂದರೆ ಸಾಕು, ಯಾರ್ಡಿನಲ್ಲಿ ಇರುವ ನಾಲ್ಕು ಜನ ಪೇಂಟರುಗಳಿಗೆ ನಲವತ್ತು ಬೋಟಿನವರು ಕಾಯ್ತಾ ನಿಂತಿರುತ್ತಾರೆ.

ನನಗೆ ಸಿಕ್ಕ ಗುತ್ತಿಗೆಯವನು ಉಳಿದವರಿಗಿಂತ 18 ಸಾವಿರ ಕಡಿಮೆಗೆ ಒಪ್ಪಿದ. ಪೇಂಟ್ ನಾನೇ ತಂದುಕೊಟ್ಟೆ. ಲೆಕ್ಕ ಹೀಗಿತ್ತು: ನೀರಿನೊಳಗೆ ಇರುವ ಭಾಗ ಹೆಚ್ಚುಕಡಿಮೆ 130 ಚದರ ಮೀಟರ್. ಲೀಟರಿಗೆ ನಾಲ್ಕು ಚದರ ಮೀಟರ್ ಹಿಡಿದರೆ ಎರಡು ಸಲ ಬಳಿಯಲು 65 ಲೀಟರ್. ಇಪ್ಪತ್ತು ಲೀಟರಿನ ಮೂರು ಡ್ರಮ್, ಐದು ಲೀಟರಿನ ಒಂದು ಡಬ್ಬ. ಒಳ್ಳೆಯದೇ ತಂದಿದ್ದೆ, ತಾಮ್ರದ ಕೆಂಪು ಪೇಂಟ್.

ಮೊದಲ ದಿನ ನಾನು ಅಲ್ಲೇ ನಿಂತಿದ್ದೆ. ಡ್ರಮ್ ತೆರೆದ, ಒಂದು ಕೋಲು ಹಾಕಿ ಎಂಟು ಹತ್ತು ಸುತ್ತು ತಿರುಗಿಸಿದ. "ಗಟ್ಟಿ ಉಂಟು ಅಣ್ಣ, ರೋಲರ್ ಓಡುದಿಲ್ಲ" ಅಂತ ಥಿನ್ನರ್ ಸುರಿದ. ಎಷ್ಟು ಅಂತ ಅಳತೆ ಇಲ್ಲ, ಕಣ್ಣಂದಾಜು. ಜಾಸ್ತಿ ಆಗುದಿಲ್ವಾ ಅಂತ ಕೇಳಿದೆ. "ಎಂತ ಆಗುದಿಲ್ಲ, ಇಪ್ಪತ್ತು ವರ್ಷದಿಂದ ಇದೇ ಕೆಲಸ." ಡ್ರಮ್ಮಿನ ಮೇಲಿದ್ದ ಕಂಪನಿ ಚೀಟಿಯಲ್ಲಿ ಥಿನ್ನರ್ 5 ಶೇಕಡಾ ಮೀರಬಾರದು ಅಂತ ಅಚ್ಚಾಗಿತ್ತು. ನಾನು ಅದನ್ನು ಓದಿದ್ದು ಅಕ್ಟೋಬರ್‌ನಲ್ಲಿ.

ಮರುದಿನ ಮನೆಯಲ್ಲಿ ಕಾರ್ಯಕ್ರಮ, ನಾನು ಹೋಗಲಿಲ್ಲ. ಸಂಜೆ ಫೋಟೋ ಬಂತು. ಬುಡ ಪೂರ್ತಿ ಕೆಂಪಗೆ ಹೊಳೀತಾ ಇತ್ತು. ಖುಷಿಯಾಯಿತು.

ಆಗಸ್ಟ್, ಸೆಪ್ಟೆಂಬರ್ ಚೆನ್ನಾಗಿಯೇ ಹೋಯಿತು. ಅಕ್ಟೋಬರ್ ಮಧ್ಯದಲ್ಲಿ ಬೋಟ್ ನಡೆಸುವ ತಾಂಡೇಲ ಫೋನ್ ಮಾಡಿ, "ಬೋಟ್ ಹೋಗ್ತಾ ಇಲ್ಲ ಮಾರಾಯ್ರೆ, ಯಾರೋ ಹಿಂದಿನಿಂದ ಹಿಡಿದ ಹಾಗೆ ಆಗ್ತದೆ" ಅಂದ. ಇಂಜಿನ್ ಅದೇ ಆರ್‌ಪಿಎಂ, ಎಂಟು ನಾಟ್ ವೇಗದಲ್ಲಿ ಹೋಗುತ್ತಿದ್ದದ್ದು ಆರೂವರೆಗೆ ಇಳಿದಿತ್ತು. ಆ ಟ್ರಿಪ್ಪಿಗೆ ಡೀಸೆಲ್ ಎಂಟುನೂರು ಲೀಟರ್ ಜಾಸ್ತಿ. ಮೊದಲು ಇಂಜಿನ್ ಮೇಲೆ, ಆಮೇಲೆ ಫ್ಯಾನ್ (ಪ್ರೊಪೆಲ್ಲರ್) ಮೇಲೆ ಸಂಶಯಪಟ್ಟೆವು. ಬಂದರಿನ ಧಕ್ಕೆಗೆ ಬಂದ ಮೇಲೆ ಬೋಟಿನ ಕೆಲಸದವ, ಒಬ್ಬ ಕಲಾಸಿ, ಮುಳುಗಿ ನೋಡಿದ. ಮೇಲೆ ಬಂದವನ ಅಂಗೈ ಗೀರಿ ರಕ್ತ ಬರುತ್ತಿತ್ತು, ಮುಷ್ಟಿಯ ತುಂಬ ಬಾರ್ನಕಲ್, ಅಂದರೆ ಬುಡಕ್ಕೆ ಅಂಟಿ ಬೆಳೆಯುವ ಚಿಪ್ಪು. "ಬುಡ ಪೂರ್ತಿ ಇದೇ ಉಂಟು. ಚುಕ್ಕಾಣಿ ಹತ್ತಿರ ಮಾತ್ರ ಇಲ್ಲ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೊರೆಯುತ್ತಾ ಇತ್ತು. ಒಂದೇ ಪೇಂಟ್, ಒಂದೇ ಕೈ. ಚುಕ್ಕಾಣಿ ಹತ್ತಿರ ಯಾಕಿಲ್ಲ?

ಉತ್ತರ ಯಾರ್ಡಿನಲ್ಲಿ ಸಿಕ್ಕಿತು. ಶೆಡ್ಡಿನ ಹಿಂದೆ ನನ್ನ ಮೂರೂ ಡ್ರಮ್ ಬಿದ್ದಿದ್ದವು. ಒಂದರ ತಳ ಕೆರೆದು ಖಾಲಿ ಮಾಡಿದ್ದರು. ಉಳಿದ ಎರಡರಲ್ಲಿ ಮಳೆನೀರು ನಿಂತಿತ್ತು. ನೀರು ಚೆಲ್ಲಿ ನೋಡಿದರೆ ತಳದಲ್ಲಿ ನಾಲ್ಕು ಬೆರಳಷ್ಟು ಕಡು ಕೆಂಪು ಗಸಿ. ಸ್ಕ್ರೂಡ್ರೈವರ್ ಚುಚ್ಚಿದರೆ ಇಳಿಯಲಿಲ್ಲ, ಅಷ್ಟು ಗಟ್ಟಿ. ಅದೇ ತಾಮ್ರ. ನಾನು ದುಡ್ಡು ಕೊಟ್ಟದ್ದು ಅದಕ್ಕೇ.

ಈ ಪೇಂಟಿನಲ್ಲಿ ಕೆಲಸ ಮಾಡುವುದು ತಾಮ್ರದ ಕೆಂಪು ಆಕ್ಸೈಡ್. ಅದು ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇದ್ದರೆ ಚಿಪ್ಪಿನ ಮರಿಗಳು ಬಂದು ಕೂರುವುದಿಲ್ಲ. ಆದರೆ ಅದರ ಪುಡಿ ನೀರಿಗಿಂತ ಆರು ಪಟ್ಟು ಭಾರ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಡ್ರಮ್ಮಿನಲ್ಲಿ ಅದೆಲ್ಲ ತಳಕ್ಕೆ ಇಳಿದಿರುತ್ತದೆ. ಕೋಲಿನಲ್ಲಿ ಎಂಟು ಸುತ್ತು ತಿರುಗಿಸಿದರೆ ಮೇಲಿನ ತಿಳಿ ಕಲಕುತ್ತದೆ, ಅಷ್ಟೇ. ಅದಕ್ಕೆ ಥಿನ್ನರ್ ಬೆರೆಸಿ ನನ್ನ ಬೋಟಿಗೆ ಬಳಿದಿದ್ದರು. ಕೊನೆಗೆ ಸಾಲದೆ ಬಂದಾಗ ಒಂದು ಡ್ರಮ್ಮಿನ ತಳ ಕೆರೆದು ಚುಕ್ಕಾಣಿ ಕಡೆ ಹಚ್ಚಿದ್ದಾರೆ. ಅಲ್ಲಿ ಒಂದೂ ಚಿಪ್ಪು ಹಿಡಿಯಲಿಲ್ಲ.

ಗುತ್ತಿಗೆಯವನನ್ನು ಕೇಳಿದರೆ, "ಸಮುದ್ರದಲ್ಲಿ ಇದ್ರೆ ಚಿಪ್ಪು ಹಿಡಿಯುದೇ ಅಲ್ವಾ" ಅಂದ. ಒಂದು ಪೈಸೆ ವಾಪಸ್ ಬರಲಿಲ್ಲ.

ಡಿಸೆಂಬರಿನಲ್ಲಿ ಬೋಟ್ ಪುನಃ ಮೇಲೆಳೆದೆ. ಬೊಂಡಾಸ್ (ಸ್ಕ್ವಿಡ್) ಒಳ್ಳೆ ಸಿಗ್ತಾ ಇದ್ದ ಹೊತ್ತು, ಒಂಬತ್ತು ದಿನ ಹೋಯಿತು. ಉಳಿಸಿದ 18 ಸಾವಿರ ಬೋಟ್ ಮೇಲೆಳೆಯುವ ಸ್ಲಿಪ್‌ವೇ ಬಾಡಿಗೆಗೂ ಸಾಲಲಿಲ್ಲ. ಚಿಪ್ಪು ಕೆರೆಯುವಾಗ ಇನ್ನೂ ಎರಡು ವಿಷಯ ಹೊರಬಿತ್ತು. ಕೆಲವು ಕಡೆ ಚಿಪ್ಪಿನ ಜೊತೆ ಪೇಂಟ್, ಅದರ ಕೆಳಗೆ ಮೊದಲು ಹೊಡೆಯುವ ಪ್ರೈಮರ್ ಎರಡೂ ಹಾಳೆಯ ಹಾಗೆ ಎದ್ದು ಬಂತು, ಕೆಳಗೆ ತುಕ್ಕು. ಮಳೆ ನಿಂತ ಕೂಡಲೇ ಬೆವರುತ್ತಿದ್ದ ತಗಡಿನ ಮೇಲೆ ಪ್ರೈಮರ್ ಹೊಡೆದದ್ದರ ಫಲ ಅದು. ಬಟ್ಟೆಯಲ್ಲಿ ಒರೆಸಿದರೆ ಒಣಗಿದ ಹಾಗಲ್ಲ, ಐದು ನಿಮಿಷಕ್ಕೆ ಮತ್ತೆ ತೇವ ಕೂರುತ್ತದೆ. ಸ್ಟೀಲ್ ಬೋಟಿನವರಿಗೆ ಇದು ಸಣ್ಣ ವಿಷಯ ಅಲ್ಲ. ಪ್ರೈಮರ್ ಸರಿ ಇಲ್ಲದ ಜಾಗದಲ್ಲಿ ತಾಮ್ರದ ಪೇಂಟ್ ಕಬ್ಬಿಣಕ್ಕೆ ನೇರ ತಾಗಿದರೆ ತುಕ್ಕು ಇನ್ನೂ ಬೇಗ ತಿನ್ನುತ್ತದೆ. ಅಲ್ಯೂಮಿನಿಯಂ ಆದರಂತೂ ತಾಮ್ರದ ಪೇಂಟ್ ಹತ್ತಿರವೂ ತರಬೇಡಿ.

ಎರಡನೆಯದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಝಿಂಕ್ ತುಂಡುಗಳಿಗೂ ಪೇಂಟ್ ಹೊಡೆದಿದ್ದರು! ಬೋಟಿನ ಬದಲು ತಾನು ಕರಗಲಿ ಅಂತ ಇಟ್ಟ ಝಿಂಕ್, ಪೇಂಟಿನೊಳಗೆ ಹೊಸದರ ಹಾಗೆ ಕೂತಿತ್ತು.

ಡಿಸೆಂಬರಿನಲ್ಲಿ ಹೊಸ ಪೇಂಟ್ ಹೊಡೆಸುವಾಗ ಡ್ರಿಲ್ಲಿಗೆ ಕಲಕುವ ಕಡ್ಡಿ ಸಿಕ್ಕಿಸಿ ಒಂದೊಂದು ಡ್ರಮ್ಮನ್ನೂ ಹತ್ತು ನಿಮಿಷ ಕಲಕಿಸಿದೆ, ಮಧ್ಯೆ ಮಧ್ಯೆ ಕೋಲು ತಳಕ್ಕೆ ಊರಿ ಮೆತ್ತಗಿದೆಯಾ ಅಂತ ನೋಡಿದೆ. ರೋಲರ್ ಟ್ರೇಯಲ್ಲೂ ಆಗಾಗ ಕಲಕಬೇಕು. ಡ್ರಮ್ ತರುವಾಗಲೇ ಎತ್ತಿ ನೋಡಿ: ಇಪ್ಪತ್ತು ಲೀಟರಿನದು ಮೂವತ್ತು ಕಿಲೋ ಮೇಲಿರಬೇಕು. ಹಗುರ ಇದ್ದರೆ ತಾಮ್ರ ಕಡಿಮೆ, ಅಥವಾ ಯಾರೋ ತೆರೆದಿದ್ದಾರೆ. ಪೇಂಟಿಗೆ ಮೊದಲು ಬುಡವನ್ನು ಉಪ್ಪು ಹೋಗುವ ಹಾಗೆ ಸಿಹಿನೀರಿನಲ್ಲಿ ತೊಳೆಸಿ ಒಣಗಿಸಿ. ಹಳೆ ಪೇಂಟನ್ನು ಒಣ ಉಜ್ಜಿಸಬೇಡಿ, ನೀರು ಹಾಕಿ ಉಜ್ಜಿಸಿ, ಮಾಸ್ಕ್ ಕೊಡಿ. ಆ ಕೆಂಪು ಧೂಳು ವಿಷ. ನಮ್ಮ ಹುಡುಗನೊಬ್ಬ ಮೂರು ದಿನ ಕೆಮ್ಮಿದ. ತವರ ಇರುವ ಹಳೆ ನಮೂನೆಯ ಪೇಂಟ್ ಕೊಡ್ತೇನೆ, ಜೋರಿರ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದನ್ನು 2008ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದದಲ್ಲೇ ನಿಷೇಧಿಸಿದ್ದಾರೆ. ಮೀನು ಹಿಡಿದು ಬದುಕುವ ನಾವೇ ಅದನ್ನು ನೀರಿಗೆ ಬಿಡುವುದಾ?

ಮೊನ್ನೆ ಜೂನ್ ಮೊದಲ ವಾರ ಬೋಟ್ ಮೇಲೆ ಬಂತು. ಡಿಸೆಂಬರಿನ ಪೇಂಟಿಗೆ ಆರು ತಿಂಗಳು. ಬುಡದಲ್ಲಿ ತೆಳು ಪಾಚಿ ಬಿಟ್ಟರೆ ಬೇರೇನೂ ಇಲ್ಲ, ಪೈಪಿನ ನೀರಿಗೇ ಹೋಯಿತು. ಝಿಂಕ್ ತುಂಡುಗಳು ಮಾತ್ರ ಅರ್ಧ ಕರಗಿದ್ದವು.