ಕ್ಯೂರೋಸರ್ಫ್: ದಿನ ತುಂಬದ ಮಕ್ಕಳ ಉಸಿರಿನ ಔಷಧಿ, ಒಬ್ಬ ನರ್ಸ್ ಕಂಡಂತೆ

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನಾನು ಬಳಸಿದ ಔಷಧಿಗಳ ಪೈಕಿ ಇಷ್ಟು ಬೇಗ ಗುಣ ತೋರಿಸುವುದು ಇನ್ನೊಂದಿಲ್ಲ. "ಸರ್ಫ್ಯಾಕ್ಟಂಟ್ ಕೊಡಬೇಕು, ಸಹಿ ಹಾಕಿ" ಅಂತ ಡಾಕ್ಟರ್ ಹೇಳಿದಾಗ ಗಾಬರಿಯಲ್ಲಿರುವ ಅಪ್ಪ ಅಮ್ಮನಿಗೆ ಅದೇನು ಅಂತ ಕೇಳಲೂ ತೋಚುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶ್ವಾಸಕೋಶದ ಗಾಳಿಚೀಲಗಳ ಒಳಗೋಡೆ ಸದಾ ಒದ್ದೆ. ನೀರಿನ ಕಣಗಳು ಒಂದನ್ನೊಂದು ಎಳೆಯುತ್ತವೆ. ಆ ಸೆಳೆತಕ್ಕೆ ಚೀಲ ಮುದುಡಿ, ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಳ್ಳುತ್ತದೆ. ಅದನ್ನು ತಡೆಯಲು ದೇಹವೇ ಒಂದು ಕೊಬ್ಬಿನ ಪದಾರ್ಥ ತಯಾರಿಸುತ್ತದೆ. ಅದೇ ಸರ್ಫ್ಯಾಕ್ಟಂಟ್. ಅದರ ಕಣದ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ನೀರು ಬೇಡ. ಹಾಗಾಗಿ ಅದು ನೀರಿನ ಮೇಲ್ಮೈಯಲ್ಲೇ ನಿಂತು ಸೆಳೆತ ತಗ್ಗಿಸುತ್ತದೆ. ಸೋಪು, ಸೀಗೆಪುಡಿ ಕೊಳೆ ತೆಗೆಯುವುದೂ ಇದೇ ಗುಣದಿಂದ. ಆದರೆ ಶ್ವಾಸಕೋಶದ್ದು ಇನ್ನೂ ಜಾಣ. ಉಸಿರು ಬಿಟ್ಟಾಗ ಒತ್ತೊತ್ತಾಗಿ ಸೇರಿ ಸೆಳೆತವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸುತ್ತದೆ. ಸೋಪಿಗೆ ಅದು ಆಗದು.

ಸಾಮಾನ್ಯವಾಗಿ ಬಸಿರಿನ 35 ವಾರದ ಹೊತ್ತಿಗೆ ಮಗುವಿನಲ್ಲಿ ಇದು ಸಾಕಷ್ಟು ತಯಾರಾಗಿರುತ್ತದೆ. ಅದಕ್ಕೂ ಮೊದಲೇ ಹುಟ್ಟಿದ ಎಷ್ಟೋ ಮಕ್ಕಳಿಗೆ ಸಾಲುವುದಿಲ್ಲ. ಎದೆಗೂಡು ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಮಗು ನರಳುತ್ತದೆ. ಈ ಕಾರಣವನ್ನು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲೇ ತೋರಿಸಿದ್ದರು. ಔಷಧಿ ಮಾತ್ರ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಇದೇ ತೊಂದರೆಯಿಂದ ಎರಡು ದಿನವೂ ಬದುಕಲಿಲ್ಲ. ಜಪಾನಿನ ವೈದ್ಯ ಫುಜಿವಾರಾ, ಹೊರಗಿನಿಂದ ಸರ್ಫ್ಯಾಕ್ಟಂಟ್ ಹಾಕುವ ಚಿಕಿತ್ಸೆ ಮಕ್ಕಳಲ್ಲಿ ಫಲಿಸಿದ್ದನ್ನು ವರದಿ ಮಾಡಿದ್ದು 1980ರಲ್ಲಿ.

ಕ್ಯೂರೋಸರ್ಫ್ ಅನ್ನುವುದು ಇಂಥ ಸರ್ಫ್ಯಾಕ್ಟಂಟ್‌ನ ಒಂದು ಬ್ರ್ಯಾಂಡ್, ಹಂದಿಯ ಶ್ವಾಸಕೋಶದಿಂದ ತೆಗೆದದ್ದು. ದನದ ಶ್ವಾಸಕೋಶದಿಂದ ಮಾಡಿದ ಬೇರೆ ಬ್ರ್ಯಾಂಡುಗಳೂ ಇವೆ. ಇದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೇಳಿದ ಮೇಲೆ ಹೇಳುವುದು ಸರಿಯಲ್ಲ, ಅಲ್ವಾ?

ನನಗೆ ಇದರಲ್ಲಿ ಇಷ್ಟವಾಗುವುದು ಕಡಿಮೆ ಪ್ರಮಾಣ. ಮೊದಲ ಡೋಸ್ ಕಿಲೋ ತೂಕಕ್ಕೆ 2.5 ಎಂಎಲ್. ದನದ ಮೂಲದ ಸರ್ವಾಂಟಾ 4 ಎಂಎಲ್ ಬೇಕು. ಅಂಗೈಯಷ್ಟು ಮಗುವಿನ ಉಸಿರುನಾಳಕ್ಕೆ ಹಾಕುವಾಗ ಈ ವ್ಯತ್ಯಾಸ ದೊಡ್ಡದು. ಫ್ರಿಜ್‌ನಿಂದ ತೆಗೆದು ತಣ್ಣಗಿರುವುದು ಹೋಗಲು ಬಿಟ್ಟು, ವಯಲ್ (ಔಷಧಿಯ ಚಿಕ್ಕ ಸೀಸೆ) ಮೆಲ್ಲಗೆ ತಿರುಗಿಸಬೇಕು. ಕುಲುಕಲೇಬಾರದು, ನೊರೆ ಬರುತ್ತದೆ. ಹಾಕುವಾಗ ಎದೆಬಡಿತ ಸ್ವಲ್ಪ ಹೊತ್ತು ಇಳಿಯಬಹುದು, ಆಕ್ಸಿಜನ್ ಮಟ್ಟವೂ ಬೀಳಬಹುದು. ಆದ್ದರಿಂದ ಕಣ್ಣು ಮಾನಿಟರ್ ಮೇಲೇ ಇರಬೇಕು. ಆಮೇಲೆ ನಿಮಿಷಗಳಲ್ಲೇ ಮಗುವಿನ ಬಣ್ಣ ತಿರುಗುತ್ತದೆ. ನಾವು ತಕ್ಷಣ ಆಕ್ಸಿಜನ್ ಇಳಿಸುತ್ತಾ ಹೋಗಬೇಕು. ಜಾಸ್ತಿ ಆಕ್ಸಿಜನ್ ಇಂಥ ಮಕ್ಕಳ ಕಣ್ಣಿಗೆ ಕೆಟ್ಟದ್ದು.

ಕೊರತೆ ಅಂದರೆ ವಯಲ್ ಅಳತೆ. 1.5 ಮತ್ತು 3 ಎಂಎಲ್‌ನಲ್ಲಿ ಬರುತ್ತದೆ. 700 ಗ್ರಾಂ ಮಗುವಿಗೆ 1.75 ಬೇಕು. ಚಿಕ್ಕದು ಸಾಲದು, ದೊಡ್ಡದು ಒಡೆದರೆ ಒಂದೂಕಾಲು ಎಂಎಲ್ ಮಿಕ್ಕುತ್ತದೆ. ಕೆಡದಂತೆ ಇಡುವ ಪದಾರ್ಥ ಅದರಲ್ಲಿಲ್ಲ, ಚೆಲ್ಲಲೇಬೇಕು. ಸಾವಿರಗಟ್ಟಲೆ ರೂಪಾಯಿಯ ಔಷಧಿ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಆದರೂ ನನ್ನಿಂದ ಇದಕ್ಕೆ ಪೂರ್ತಿ ಅಂಕ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸರ್ಫ್ಯಾಕ್ಟಂಟ್ ಇದೆ. ಸಣ್ಣ ಊರಿನ ಆಸ್ಪತ್ರೆಗಳ ಫ್ರಿಜ್‌ನಲ್ಲೂ ಇರಬೇಕಾದ್ದು ಇದು. ಬೇಗ ಹೆರಿಗೆ ಆಗುವ ಸೂಚನೆ ಇದ್ದರೆ ತಾಯಿಗೆ ಮೊದಲೇ ಸ್ಟೀರಾಯ್ಡ್ ಇಂಜೆಕ್ಷನ್ ಸಿಗುತ್ತಾ ಕೇಳಿ. ಅದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ ಅಂದರೆ, ಆಂಬ್ಯುಲೆನ್ಸ್ ಹೊರಡುವ ಮೊದಲೇ ಅಲ್ಲಿ ಸರ್ಫ್ಯಾಕ್ಟಂಟ್ ಇದೆಯಾ ಅಂತ ಫೋನ್ ಮಾಡಿಸಿ.